ಜಂಗಮವಾಡಿಯ ಫರ್ಮಾನು, ಆಗಮದ ಶ್ಲೋಕ

ಕಾಶಿಯ ಗೋದೌಲಿಯಾದಿಂದ ದಕ್ಷಿಣಕ್ಕೆ ನಡೆದು ಜಂಗಮವಾಡಿ ಮಠವನ್ನು ಹೊಕ್ಕರೆ ಕನ್ನಡ ಕಿವಿಗೆ ಬೀಳುತ್ತದೆ. ಪರನಾಡಿನಲ್ಲಿರುವ ನಮಗೆ ಅಷ್ಟೇ ಸಾಕೆನಿಸುವುದುಂಟು. ಆದರೆ ಈ ಪೀಠದ ಗುರುವಿಗೆ ಅಧಿಕಾರ ಎಲ್ಲಿಂದ ಬಂತು?

ಪೋಪರ ಅಧಿಕಾರಕ್ಕೆ ಕ್ಯಾಥೊಲಿಕ್ ಪಂಡಿತರು ಮತ್ತಾಯನ ಸುವಾರ್ತೆಯ 16ನೆಯ ಅಧ್ಯಾಯವನ್ನು ಮುಂದಿಡುತ್ತಾರೆ: ಯೇಸು ಪೇತ್ರನಿಗೆ ಸ್ವರ್ಗರಾಜ್ಯದ ಬೀಗದ ಕೈಗಳನ್ನು ಒಪ್ಪಿಸಿದ, ಆ ಅಧಿಕಾರ ರೋಮಿನ ಬಿಷಪ್ಪರಲ್ಲಿ ಮುಂದುವರಿಯಿತು. ಬಂಡೆಯೆಂದರೆ ಪೇತ್ರನಲ್ಲ, ಅವನ ವಿಶ್ವಾಸ ಎಂಬುದು ಅನೇಕ ಪ್ರಾಟೆಸ್ಟಂಟರ ಉತ್ತರ.

ಜಂಗಮವಾಡಿಯ ವಾದದ ಹದವೂ ಇದೇ. ಪಂಚಾಚಾರ್ಯರು ಲಿಂಗೋದ್ಭವರು, ಕಾಶಿಯ ವಿಶ್ವಾರಾಧ್ಯರು ವಿಶ್ವೇಶ್ವರಲಿಂಗದಿಂದ ಆವಿರ್ಭವಿಸಿದರು ಎನ್ನಲು ಆಗಮಶ್ಲೋಕಗಳನ್ನು ತೋರಿಸುತ್ತಾರೆ. ತತ್ತ್ವಕ್ಕೆ ರೇಣುಕರು ಅಗಸ್ತ್ಯರಿಗೆ ಬೋಧಿಸಿದರೆನ್ನುವ ‘ಸಿದ್ಧಾಂತ ಶಿಖಾಮಣಿ’ ಇದೆ. ಪೇತ್ರನ ವಾರಸುದಾರಿಕೆಗೆ ರೋಮು ಬಿಷಪ್ಪರ ಪಟ್ಟಿ ಕೊಟ್ಟಂತೆ ಇಲ್ಲಿ ಜಗದ್ಗುರುಗಳ ಪರಂಪರೆ.

ಮಠದಲ್ಲಿ ಇನ್ನೊಂದು ಬಗೆಯ ಆಧಾರವೂ ಇದೆ. ಅಕ್ಬರನಿಂದ ಔರಂಗಜೇಬನವರೆಗೆ ಮೊಗಲ್ ಬಾದಶಹರು ಜಂಗಮರಿಗೆ ಭೂಮಿಯನ್ನು ಬಿಟ್ಟುಕೊಟ್ಟ, ಅದನ್ನು ಕಾಯ್ದುಕೊಟ್ಟ ಪಾರಸಿ ಫರ್ಮಾನುಗಳು. ಇವನ್ನು ಪೀಠದ ಪ್ರಾಚೀನತೆಗೆ ಸಾಕ್ಷಿಯೆನ್ನುವವರನ್ನು ಕಂಡಿದ್ದೇವೆ. ನಾವು ಒಪ್ಪಲಾರೆವು. ಫರ್ಮಾನು ಬಿಘಾಗಳ ಲೆಕ್ಕ ಹೇಳುತ್ತದೆ, ಹದಿನಾರನೆಯ ಶತಮಾನದಲ್ಲಿ ಜಂಗಮರು ಇಲ್ಲಿದ್ದರೆಂದು ಹೇಳುತ್ತದೆ. ಲಿಂಗೋದ್ಭವದ ಮಾತು ಅದರ ಎಲ್ಲೆಯಾಚೆಗಿನದು.

ಬಸವಣ್ಣನವರನ್ನೇ ಮೂಲಗುರುವೆನ್ನುವವರಿಗೆ ಆಗಮಕ್ಕಿಂತ ವಚನ ದೊಡ್ಡದು. 2018ರಲ್ಲಿ ಪ್ರತ್ಯೇಕ ಧರ್ಮದ ಶಿಫಾರಸು ಕರ್ನಾಟಕದಿಂದ ದೆಹಲಿಗೆ ಹೋದಾಗ ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಗ್ರಂಥ ಹಿಡಿದು ಕೂತರು. ಆ ಜಗಳಕ್ಕೆ ಬಾದಶಹನ ಮೊಹರು ಉತ್ತರವಾಗಲಿಲ್ಲ.