ಕೊಂಡಿ ಕಳಚುವ ಕೆಲಸ

ಕಲ್ಯಾಣದಲ್ಲಿ ಗಾಡಿಯೇರಿ ಪುಣೆ, ಸೊಲ್ಲಾಪುರಗಳ ಮಾರ್ಗವಾಗಿ ಊರಿಗೆ ಹೊರಡುವ ಠಾಣೆ, ಡೊಂಬಿವಲಿ, ನವಿ ಮುಂಬಯಿಗಳ ಕನ್ನಡಿಗರು ಕರ್ಜತ ನಿಲ್ದಾಣವನ್ನು ಅಲ್ಲಿಯ ಬಟಾಟೆವಡೆಯಿಂದ ಬಲ್ಲರು. ವಡೆಯ ಪೊಟ್ಟಣ ಕಿಟಕಿಯೊಳಗೆ ಬರುವಷ್ಟರಲ್ಲಿ ಗಾಡಿಯ ಬಾಲಕ್ಕೆ ಮೆಲ್ಲನೆ ಏನೋ ತಾಗಿದಂತಾಗಿ, ಆಸನದ ಮೇಲಿಟ್ಟ ನೀರಿನ ಬಾಟಲಿ ಒಮ್ಮೆ ಅಲುಗುವುದು: ಮೂವತ್ತೇಳಕ್ಕೆ ಒಂದರಂತೆ ಏರುವ ಬೋರ್ ಘಾಟವನ್ನು ಹತ್ತಿಸಲು ಹಿಂದಿನಿಂದ ನೂಕುವ ಬ್ಯಾಂಕರ್ ಎಂಜಿನ್ನುಗಳು ಬಂದು ಕೂಡಿಕೊಂಡವೆಂದು ಅದರ ಅರ್ಥ. ಈ ಕೂಡಿಕೆಯನ್ನು ಪ್ರಯಾಣಿಕರು ಬಲ್ಲರು. ಲೊಣಾವಳದಲ್ಲಿ ಅದೇ ಎಂಜಿನ್ನುಗಳ ಕೊಂಡಿ ಕಳಚುವುದನ್ನೂ, ಅವು ಮುಂದಿನ ಗಾಡಿಗಾಗಿ ಘಾಟವಿಳಿದು ಮರಳುವುದನ್ನೂ ಗಮನಿಸಿದವರು ವಿರಳ. ಒಂದು ದಿನ ಕೊಂಡಿ ಕಳಚುವಾತನು ಕೈಕಟ್ಟಿ ಕುಳಿತನೆನ್ನಿ: ಬೆಳಗಿನ ಕೆಲವು ಗಾಡಿಗಳು ನಿರಾತಂಕವಾಗಿ ಹತ್ತಿಹೋದಾವು, ಮಧ್ಯಾಹ್ನದ ಹೊತ್ತಿಗೆ ಕರ್ಜತದಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಾವು, ದೋಷವನ್ನು ಅರಸುವವರು ಕರ್ಜತದಲ್ಲಿಯೇ ಅರಸಿಯಾರು. ಜೀವಕೋಶದೊಳಗಣ ಸಾಗಾಣಿಕೆಯನ್ನು ಶೋಧಿಸಿದ ವಿಜ್ಞಾನಿಗಳಿಗೂ ಹೆಚ್ಚುಕಡಮೆ ಇದೇ ಆಯಿತು.

ಕೋಶವು ತಾನು ತಯಾರಿಸಿದ ಪ್ರೋಟೀನುಗಳನ್ನು ತೆಳುಪೊರೆಯ ಕಿರುಚೀಲಗಳಲ್ಲಿ ತುಂಬಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದೆಂಬುದನ್ನು, ಮೇದೋಜೀರಕ ಗ್ರಂಥಿಯ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸಿ ತೋರಿಸಿದವರು ನ್ಯೂಯಾರ್ಕಿನ ಜಾರ್ಜ್ ಪಲಾಡೆ. ಲಂಡನ್ನಿನ ಬರ್ನಾರ್ಡ್ ಕಾಟ್ಸರು ಹೆಚ್ಚುಕಡಮೆ ಅದೇ ಕಾಲದಲ್ಲಿ, ಅಂದರೆ 1950ರ ದಶಕದಲ್ಲಿ, ನರದ ತುದಿಯಿಂದ ಸ್ನಾಯುವಿಗೆ ಸೂಸುವ ರಾಸಾಯನಿಕವು ಹನಿಹನಿಯಾಗಿ ಜಿನುಗದೆ ಗೊತ್ತಾದ ಅಳತೆಯ ಪೊಟ್ಟಣಗಳಾಗಿ ಬರುವುದೆಂದು ಕಪ್ಪೆಯ ಸ್ನಾಯುವಿನಲ್ಲಿ ಕಂಡರು. ಸುಮಾರು 40 ನ್ಯಾನೋಮೀಟರು ಅಡ್ಡಳತೆಯ ಕಿರುಚೀಲವೊಂದು ಕೋಶದ ಹೊರಪೊರೆಯಲ್ಲಿ ಬೆರೆತು ತೆರೆದುಕೊಂಡರೆ ಒಂದು ಪೊಟ್ಟಣ. ಆದರೆ ಎರಡು ಪೊರೆಗಳು ತಾವಾಗಿಯೇ ಬೆರೆಯುವುವಲ್ಲ. ಅವುಗಳ ನಡುವಣ ನೀರಿನ ಪದರವನ್ನು ಹೊರಡಿಸಲು ಬಲ ಬೇಕು. ಆ ಬಲವನ್ನು ಕೊಡುವವರಾರೆಂಬುದನ್ನು ಸೂಕ್ಷ್ಮದರ್ಶಕವು ಹೇಳಲಾರದು.

ಉತ್ತರವನ್ನು ಅರಸಿ ಹೊರಟವರು ಎರಡು ದಾರಿ ಹಿಡಿದರು. ರ‍್ಯಾಂಡಿ ಶೆಕ್‌ಮನ್ ಮತ್ತು ಪೀಟರ್ ನೊವಿಕ್ ಕ್ಯಾಲಿಫೋರ್ನಿಯಾದಲ್ಲಿ, ನಾವು ಪಾವಿನ ಹಿಟ್ಟಿಗೆ ಬಳಸುವ ಯೀಸ್ಟಿನ ತಳಿಗಳನ್ನು ಕೆಡಿಸಿ, ಸೆಖೆಯೇರಿದೊಡನೆ ಸಾಗಾಣಿಕೆ ನಿಂತು ಸರಕು ಒಳಗೇ ಶೇಖರವಾಗುವ ತಳಿಗಳನ್ನು ಆಯ್ದು, 1980ರಲ್ಲಿ ಅಂಥ 23 ಜೀನುಗಳ ಪಟ್ಟಿಯನ್ನು ಪ್ರಕಟಿಸಿದರು. ಜೇಮ್ಸ್ ರಾಥ್‌ಮನ್ನರಾದರೋ ಕೋಶವನ್ನೇ ಒಡೆದು, ಅದರ ರಸದಲ್ಲಿ ಸಾಗಾಣಿಕೆಯನ್ನು ಪರೀಕ್ಷಾನಳಿಕೆಯೊಳಗೆ ನಡೆಸಿ, ಒಂದು ರಾಸಾಯನಿಕದಿಂದ ಅದು ನಿಂತುಹೋಗುವುದನ್ನು ಕಂಡು, ಹಾಗೆ ಕೆಟ್ಟುಹೋದ ಪ್ರೋಟೀನು ಯಾವುದೆಂದು ಶೋಧಿಸಿ 1988ರಲ್ಲಿ ಶುದ್ಧೀಕರಿಸಿದರು. ಎನ್‌ಎಸ್‌ಎಫ್ ಎಂದು ಹೆಸರಾದ ಇದು ಶೆಕ್‌ಮನ್ನರ ಪಟ್ಟಿಯ ಹದಿನೆಂಟನೆಯ ಜೀನಿನ ಪ್ರೋಟೀನೇ ಎಂದು ಮರುವರ್ಷ ತಿಳಿದಾಗ ಎರಡು ದಾರಿಗಳೂ ಒಂದೆಡೆ ಸಂಧಿಸಿದವು.

ಮೂರನೆಯ ದಾರಿಯೊಂದಿದ್ದಿತು, ಮತ್ತು ಅದು ಮುಂಬಯಿಯ ಮೂಲಕ ಹಾದುಹೋಗಿದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1962ರಿಂದ ಅಣುಜೀವಶಾಸ್ತ್ರ ವಿಭಾಗವನ್ನು ಕಟ್ಟಿದ, ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಸ್ಥಾಪಕ ನಿರ್ದೇಶಕರಾದ ಒಬೈದ್ ಸಿದ್ದೀಕಿಯವರು, ಕ್ಯಾಲಿಫೋರ್ನಿಯಾದ ಸೀಮೋರ್ ಬೆಂಜರರೊಡಗೂಡಿ, ಸೆಖೆ ತಾಗಿದರೆ ನಿಶ್ಚೇಷ್ಟಿತವಾಗಿ ಬೀಳುವ ಹಣ್ಣುನೊಣಗಳ ತಳಿಗಳನ್ನು ಆಯ್ದು 1976ರಲ್ಲಿ ಪ್ರಬಂಧ ಪ್ರಕಟಿಸಿದರು. ಮಾಳಿಗೆಯ ಮೇಲೆ ಕೊಳೆತ ಬಾಳೆಹಣ್ಣಿಗೆ ಮುತ್ತುವ ನೊಣವೇ ಇದು. ಗಾಜಿನ ಸೀಸೆಯಲ್ಲಿ ಇದನ್ನು 38 ಡಿಗ್ರಿಯಲ್ಲಿ ಇರಿಸಿರಿ. ಮೇ ತಿಂಗಳ ಮಧ್ಯಾಹ್ನ ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಆ ಶಾಖದ ಪರಿಚಯ ಉಂಟು. ಸಾಮಾನ್ಯ ನೊಣ ಗೋಡೆಯೇರುತ್ತಲೇ ಇರುವುದು. ಈ ತಳಿಯ ನೊಣವಾದರೋ ಸ್ವಲ್ಪ ಹೊತ್ತು ಎಂದಿನಂತೆ ನಡೆದಾಡಿ ಆಮೇಲೆ ಕುಸಿದು ಬೀಳುವುದು, ತಂಪಿಗೆ ತಂದಮೇಲೂ ಚೇತರಿಸಿಕೊಳ್ಳಲು ತಡಮಾಡುವುದು. ಈ ದೀರ್ಘ ಮೂರ್ಛೆಯ ಕಾರಣ ತಳಿಗೆ ‘ಕೋಮಟೋಸ್’ ಎಂದು ಹೆಸರಾಯಿತು. ಕೆಟ್ಟ ಜೀನು ಎನ್‌ಎಸ್‌ಎಫನ್ನು ತಯಾರಿಸುವುದೇ ಎಂದು ಅಮೆರಿಕದ ಸಂಶೋಧಕರು ಕಂಡುಕೊಂಡುದು 1995ರಲ್ಲಿ, ಹತ್ತೊಂಬತ್ತು ವರ್ಷಗಳ ತರುವಾಯ. ಇದನ್ನು ಹೆಮ್ಮೆಗಾಗಿ ಹಿಗ್ಗಿಸಿ ಹೇಳಬೇಕಾದುದಿಲ್ಲ. ಸಿದ್ದೀಕಿಯವರು ಎನ್‌ಎಸ್‌ಎಫನ್ನು ಕಂಡುಹಿಡಿಯಲಿಲ್ಲ. ಆದರೆ ಕುಸಿಯುವ ಮುನ್ನ ಆ ನೊಣ ನಡೆದಾಡಿದ ಸ್ವಲ್ಪ ಹೊತ್ತಿನಲ್ಲಿ, ಮುಂದೆ ಎಲ್ಲರನ್ನೂ ಕಾಡಿದ ಪ್ರಶ್ನೆಯ ಉತ್ತರ ಅಡಗಿದ್ದಿತು.

ಅಷ್ಟರಲ್ಲಿ ಪೊರೆಗಳನ್ನು ಕೂಡಿಸುವ ಕೊಂಡಿಗಳೇ ಕೈಗೆ ಸಿಕ್ಕಿದ್ದವು. 1993ರಲ್ಲಿ ರಾಥ್‌ಮನ್ನರ ತಂಡವು ದನದ ಮೆದುಳಿನ ಸಾರದಲ್ಲಿ ಎನ್‌ಎಸ್‌ಎಫ್ ಯಾವುದನ್ನು ಹಿಡಿಯುವುದೆಂದು ಶೋಧಿಸಲಾಗಿ ದೊರೆತವು ಮೂರು: ಕಿರುಚೀಲದ ಮೇಲಣ ಸಿನಾಪ್ಟೊಬ್ರೆವಿನ್, ಹೊರಪೊರೆಯಲ್ಲಿನ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25. ಇವುಗಳಿಗೆ ಸ್ನೇರ್ ಎಂದು ಒಟ್ಟು ಹೆಸರು. (ಎನ್‌ಎಸ್‌ಎಫ್‌ಗೆ ನೆರವಾಗುವ ಇನ್ನೊಂದು ಪ್ರೋಟೀನಿಗೂ ಸ್ನ್ಯಾಪ್ ಎಂದೇ ಹೆಸರು, ಎರಡಕ್ಕೂ ಸಂಬಂಧವಿಲ್ಲ. ಒಂದೇ ಚಾಳಿನಲ್ಲಿ ಇಬ್ಬರು ಮಂಜುನಾಥರಿದ್ದರೆ ಅಂಚೆಯವನಿಗಾಗುವ ಗತಿ ಈ ಶಾಸ್ತ್ರದ ವಿದ್ಯಾರ್ಥಿಗೂ ಆಗುವುದು.) ಇವೇ ನಿಜವಾದ ಕೊಂಡಿಗಳೆಂಬುದಕ್ಕೆ ಸಾಕ್ಷ್ಯ ಹಿಂದಿನ ವರ್ಷವೇ ವಿಷದಿಂದ ಬಂದಿದ್ದಿತು: ಪಾದುವಾದ ಮೊಂಟೆಕುಕ್ಕೊ ಮತ್ತು ಸಂಗಡಿಗರು, ಧನುರ್ವಾಯುವಿನ ವಿಷವು ಸಿನಾಪ್ಟೊಬ್ರೆವಿನ್ನನ್ನು ಕತ್ತರಿಸುವುದೆಂದು ತೋರಿಸಿದ್ದರು. ತುಕ್ಕು ಹಿಡಿದ ಮೊಳೆ ಚುಚ್ಚಿದವನ ಮೈ ಬಿಲ್ಲಾಗಿ ಬಾಗುವುದು, ಸ್ನಾಯುಗಳನ್ನು ಹಿಡಿತದಲ್ಲಿಡುವ ನರಗಳ ಈ ಒಂದು ಪ್ರೋಟೀನು ಕತ್ತರಿಸಿಹೋದುದರಿಂದ.

ಆದರೆ ಇಲ್ಲಿಯೇ ಶಾಸ್ತ್ರವು ಎಡವಿತು. ಎನ್‌ಎಸ್‌ಎಫ್ ಶಕ್ತಿಯನ್ನು ವ್ಯಯಿಸುವ ಯಂತ್ರ. ಪೊರೆಗಳ ಬೆಸುಗೆಗೆ ಶಕ್ತಿ ಬೇಕು. ಆದುದರಿಂದ ಕೊನೆಯ ಕ್ಷಣದಲ್ಲಿ ಬೆಸೆಯುವುದು ಎನ್‌ಎಸ್‌ಎಫೇ ಇರಬೇಕೆಂದು ಹಲವರು ಎಣಿಸಿದರು. ಎಣಿಕೆ ಸಹಜವಾಗಿದ್ದಿತು, ತಲೆಕೆಳಗಾಗಿಯೂ ಇದ್ದಿತು. 1996ರಲ್ಲಿ ಯೀಸ್ಟಿನ ಮೇಲೆ ಕೆಲಸ ಮಾಡಿದ ವಿಲಿಯಂ ವಿಕ್ನರರ ತಂಡವು, ಪೊರೆಗಳು ಒಂದನ್ನೊಂದು ತಾಗುವ ಮೊದಲೇ ಎನ್‌ಎಸ್‌ಎಫಿನ ಕೆಲಸ ಮುಗಿದಿರಬಲ್ಲುದೆಂದು ತೋರಿಸಿತು. 1998ರಲ್ಲಿ ಕೋಮಟೋಸ್ ನೊಣಗಳನ್ನು ಮತ್ತೆ ಕಾಯಿಸಿ ನೋಡಿದವರಿಗೆ, ಒಂದಕ್ಕೊಂದು ಹೆಣೆದುಕೊಂಡು ಬಿಡಿಸದೆ ಉಳಿದ ಸ್ನೇರ್‌ಗಳು ಶೇಖರವಾಗಿರುವುದೂ, ಕಿರುಚೀಲಗಳು ಪೊರೆಯ ಬಳಿಗೆ ಬಂದು ನಿಂತೇ ಇರುವುದೂ ಕಂಡಿತು. ಅದೇ ವರ್ಷ ಸ್ಫಟಿಕಚಿತ್ರವೂ ಹೊರಬಂದಿತು: ಸಿನಾಪ್ಟೊಬ್ರೆವಿನ್ನಿನಿಂದ ಒಂದು, ಸಿಂಟ್ಯಾಕ್ಸಿನ್ನಿನಿಂದ ಒಂದು, ಸ್ನ್ಯಾಪ್-25ರಿಂದ ಎರಡು, ಹೀಗೆ ನಾಲ್ಕು ಎಳೆಗಳು ಒಂದೇ ದಿಕ್ಕಿಗೆ ಹೊಸೆದುಕೊಂಡ ಹುರಿ. ಪೊರೆಗಳನ್ನು ಎಳೆದು ಒತ್ತಿ ಬೆಸೆಯುವ ಬಲವು ಈ ಹೊಸೆತದಲ್ಲಿಯೇ ಇದೆ. ಬೆಸುಗೆಯಾದ ಬಳಿಕ ಬಿಗಿದ ಹುರಿಯನ್ನು ಬಿಚ್ಚಿ ಎಳೆಗಳನ್ನು ಮರುಬಳಕೆಗೆ ಒದಗಿಸಲು ಎನ್‌ಎಸ್‌ಎಫಿನ ಶಕ್ತಿ ವೆಚ್ಚವಾಗುವುದು. ನೊಣವು ಸ್ವಲ್ಪ ಹೊತ್ತು ನಡೆದುದು ಬಿಡಿಯಾಗಿದ್ದ ಕೊಂಡಿಗಳ ದಾಸ್ತಾನು ಮುಗಿಯುವ ತನಕ.

ಕೊಂಡಿಗಳಂತೆ ಪೊರೆಯೂ ಮರುಬಳಕೆಯಾಗುವುದು, ಆ ಕಥೆಯಲ್ಲಿಯೂ ಕೊಲಾಬಾದ ಪಾಲಿದೆ. ಅಲ್ಲಿಯ ಕೆ. ಎಸ್. ಕೃಷ್ಣನ್ನರು ಮಣಿ ರಾಮಸ್ವಾಮಿ, ರೆಜಿಸ್ ಕೆಲ್ಲಿಯವರೊಡನೆ 1994ರಲ್ಲಿ, ‘ಶಿಬಿರೆ’ ಎಂಬ ಮತ್ತೊಂದು ಸೆಖೆಮೂರ್ಛೆಯ ತಳಿಯಲ್ಲಿ, ಖಾಲಿಯಾದ ಕಿರುಚೀಲ ಮರಳಿ ಒಳಸೇರುವ ಹಂತಗಳನ್ನು ಹೊಳೆಯುವ ಬಣ್ಣದ ನೆರವಿನಿಂದ ಚಿತ್ರಿಸಿದರು.

ಹುರಿಯ ಬಲ ತಿಳಿದಲ್ಲಿಂದೀಚಿನ ಕೆಲಸವೆಲ್ಲ ಹೆಚ್ಚಾಗಿ ಬೆಸುಗೆಯ ನಿಯಂತ್ರಣದ್ದು. ನ್ಹಾವಾ ಶೇವಾದಲ್ಲಿ ಹಡಗು ನೇರವಾಗಿ ಧಕ್ಕೆಗೆ ಬಂದು ತಾಗುವುದಿಲ್ಲ, ಮೊದಲು ಸಣ್ಣ ಹಗ್ಗವನ್ನೆಸೆದು ಆಮೇಲೆ ದಪ್ಪ ಹಗ್ಗವನ್ನೆಳೆಯುವರು. ಕೋಶದಲ್ಲಿ ಆ ಸಣ್ಣ ಹಗ್ಗದ ಕೆಲಸ ರ‍್ಯಾಬ್ ಪ್ರೋಟೀನುಗಳದು ಮತ್ತು ಅವುಗಳಿಗೆ ಅಂಟುವ ಉದ್ದನೆಯ ಪ್ರೋಟೀನುಗಳದು. ನರದ ತುದಿಯಲ್ಲಿ ಎಳೆಗಳು ಅರ್ಧ ಹೊಸೆದು ನಿಂತಿರುವಾಗ ಕ್ಯಾಲ್ಸಿಯಂ ನುಗ್ಗಿದೊಡನೆ ಬೆಸುಗೆಗೆ ಸನ್ನೆ ಕೊಡುವುದು ಸಿನಾಪ್ಟೊಟ್ಯಾಗ್ಮಿನ್ ಎಂದು ಥಾಮಸ್ ಸ್ಯೂಡ್‌ಹಾಫ್ ಸ್ಥಾಪಿಸಿದರು. ಸನ್ನೆಯಿಂದ ಬೆಸುಗೆಯ ತನಕ ಎಲ್ಲ ಒಂದು ಮಿಲಿಸೆಕೆಂಡಿನೊಳಗೆ ನಡೆದುಹೋಗಬಲ್ಲುದು. 2013ರ ಅಕ್ಟೋಬರಿನಲ್ಲಿ ಸ್ಯೂಡ್‌ಹಾಫರಿಗೂ ರಾಥ್‌ಮನ್, ಶೆಕ್‌ಮನ್ನರಿಗೂ ನೊಬೆಲ್ ಘೋಷಣೆಯಾದಾಗ ಸಿದ್ದೀಕಿಯವರು ತೀರಿಕೊಂಡು ಮೂರು ತಿಂಗಳೂ ತುಂಬಿರಲಿಲ್ಲ.

ಈಗ ಎಲ್ಲರ ಕಣ್ಣು ಬೇರೊಂದು ತೊಡಕಿನ ಮೇಲಿದೆ. ಎನ್‌ಎಸ್‌ಎಫ್ ಕೋಶದಲ್ಲೆಲ್ಲ ಹರಡಿಕೊಂಡಿರುವ, ಕಂಡ ಸ್ನೇರ್ ಹುರಿಯನ್ನೆಲ್ಲ ಬಿಚ್ಚಬಲ್ಲ ಪ್ರೋಟೀನು. ಹಾಗಿದ್ದ ಮೇಲೆ ಎರಡು ಪೊರೆಗಳ ನಡುವೆ ಆಗಷ್ಟೆ ಹೊಸೆಯತೊಡಗಿದ ಎಳೆಗಳನ್ನು ಅದೇಕೆ ಬಿಚ್ಚಿಹಾಕುವುದಿಲ್ಲ? ಯೀಸ್ಟಿನಲ್ಲಿ ಹಾಪ್ಸ್ ಎಂಬ ಪ್ರೋಟೀನುಗಳ ಕೂಟವೂ, ನರದಲ್ಲಿ ಮಂಕ್-18, ಮಂಕ್-13 ಮೊದಲಾದವೂ ಆ ಎಳೆಗಳನ್ನು ಸುತ್ತುವರಿದು ಕಾಯುವುವೆಂಬುದಕ್ಕೆ ಸಾಕ್ಷ್ಯ ದೊರೆಯುತ್ತಿದೆ. ಲೊಣಾವಳದಲ್ಲಿ ಕಳಚಬೇಕಾದ ಕೊಂಡಿಯನ್ನು ಘಾಟದ ನಡುವಿನ ಸುರಂಗದಲ್ಲಿ ಯಾರೂ ಮುಟ್ಟದಂತೆ ನೋಡಿಕೊಳ್ಳುವ ಕಾವಲುಗಾರರು ಅವರು.