ಮಲ್ಲನ ಜೀವಿತ: ಹಳೆಯ ಕುಸ್ತಿಯ ನಿಷ್ಕಳಂಕತೆಯನ್ನು ಕುರಿತು

ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯಲ್ಲಿಯೂ ಅದರಾಚೆಯ ಸಕಲೇಶಪುರದ ಗುಡ್ಡಗಳಲ್ಲಿಯೂ ಹಿರಿಯರೊಡನೆ ಆಟಗಳ ಮಾತೆತ್ತಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಈಗಿನದು ದುಡ್ಡಿನ ಆಟ, ಹಿಂದಿನದು ಮರ್ಯಾದೆಯ ಆಟ. ಹಿಂದಿನದೆಂದರೆ ಅವರ ಮನಸ್ಸಿನಲ್ಲಿ ಬಹುಮಟ್ಟಿಗೆ ಕುಸ್ತಿಯೇ. ಈ ಅಭಿಪ್ರಾಯ ನಿರಾಧಾರವಾದುದೆಂದು ತಳ್ಳಿಹಾಕುವಂತಿಲ್ಲ. 2008ರಲ್ಲಿ ಕ್ರಿಕೆಟ್ ಆಟಗಾರರನ್ನು ಬಹಿರಂಗವಾಗಿ ಹರಾಜು ಹಾಕಿದುದನ್ನು ನಾಡೆಲ್ಲ ಕಂಡಿತು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಪಂದ್ಯಗಳಲ್ಲಿ ಮೋಸ ನಡೆಯಿತೆಂಬ ಆರೋಪದ ಮೇಲೆ ಆಟಗಾರರ ಬಂಧನವೂ ಆಯಿತು. ಇಂಥ ಕಾಲದಲ್ಲಿ ಹಳೆಯದರತ್ತ ಮನಸ್ಸು ಹೊರಳುವುದು ಸಹಜ. ಆದರೆ ಹಳೆಯ ಮಲ್ಲನು ಹಣದ ಗೊಡವೆಯಿಲ್ಲದೆ, ಬರಿಯ ಮಾನಕ್ಕಾಗಿ ಕಾದಾಡುತ್ತಿದ್ದನೆಂಬ ನಂಬಿಕೆ ನಮಗೆ ದೊರೆಯುವ ಆಧಾರಗಳೊಡನೆ ಎಷ್ಟರಮಟ್ಟಿಗೆ ಹೊಂದುತ್ತದೆಂಬುದನ್ನು ಇಲ್ಲಿ ಪರಿಶೀಲಿಸಲಿಚ್ಛಿಸುತ್ತೇವೆ.

ಒಂದು ಅಂಶವನ್ನು ಮೊದಲೇ ಗಮನಿಸಬೇಕು. ಒಂಟಿಮನೆಗಳೂ ಗದ್ದೆಬಯಲುಗಳೂ ಕಾಫಿ ತೋಟಗಳೂ ಚದುರಿಕೊಂಡಿರುವ ಈ ಮಲೆನಾಡಿನ ಸೆರಗು ಗರಡಿಮನೆಗೆ ಅಷ್ಟು ಅನುಕೂಲವಾದ ನೆಲವಲ್ಲ. ಗರಡಿಗೆ ದಿನವೂ ನಸುಕಿನಲ್ಲಿ ಕಲೆಯುವ ಹತ್ತಾರು ಹುಡುಗರು ಬೇಕು, ಮಟ್ಟಿಯ ಮಣ್ಣನ್ನು ಹದಮಾಡಿ ಕಾಯುವ ಉಸ್ತಾದನು ಬೇಕು, ಹಾಲು ತುಪ್ಪ ಬಾದಾಮಿಗಳಿಗೆ ಕೈಯೆತ್ತಿ ಕೊಡುವ ಪೇಟೆಯ ಧಣಿಯು ಬೇಕು. ಆದುದರಿಂದ ಇಲ್ಲಿನ ಜನಕ್ಕೆ ಕುಸ್ತಿಯು ಪ್ರಾಯಶಃ ಜಾತ್ರೆಯಲ್ಲಿ, ಇಲ್ಲವೆ ಮೈಸೂರಿನ ದಸರೆಗೆ ಹೋದಾಗ, ಕಂಡ ನೋಟವಾಗಿಯೇ ಹೆಚ್ಚಾಗಿ ಒದಗಿತು. ಗೆದ್ದವನಿಗೆ ತೆಂಗಿನಕಾಯಿ, ರುಮಾಲು, ಬಹಳವಾದರೆ ಬೆಳ್ಳಿಯ ಕಡಗ: ಇಷ್ಟು ಅವರ ಕಣ್ಣಿಗೆ ಬಿದ್ದ ಲೆಕ್ಕ. ಮಲ್ಲನ ವರ್ಷದ ಉಳಿದ ದಿನಗಳ ಲೆಕ್ಕ ಬೇರೆಡೆ ಬರೆಯಲ್ಪಡುತ್ತಿತ್ತು.

ಆ ಲೆಕ್ಕದ ಅತ್ಯಂತ ವಿಶದವಾದ ಪ್ರಾಚೀನ ನಿರೂಪಣೆ ಕನ್ನಡನಾಡಿನ ಅರಸನೊಬ್ಬನಿಂದಲೇ ಬಂದಿರುವುದು ಗಮನಾರ್ಹ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಇಪ್ಪತ್ತು ವಿನೋದಗಳ ವರ್ಣನೆಯುಂಟು, ಮಲ್ಲವಿನೋದವು ಅವುಗಳಲ್ಲೊಂದು. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ಮೂರು ತರಗತಿಗಳಾಗಿ ವಿಂಗಡಿಸಬೇಕೆಂದೂ, ಅವರವರ ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಸಾಧನೆಯನ್ನು ಗೊತ್ತುಮಾಡಬೇಕೆಂದೂ ಅಲ್ಲಿ ಹೇಳಿದೆ. ಅವರಿಗೆ ಮಾಂಸ, ಹಾಲು, ಬೇಳೆಗಳ ಆಹಾರವನ್ನು ಅರಸನೇ ಒದಗಿಸಬೇಕು. ಸ್ತ್ರೀಸಂಗದಿಂದ ಅವರನ್ನು ದೂರವಿಡಬೇಕು. ಮೂವತ್ತು ದಾಟಿದವನು ಕಾಳಗಕ್ಕೆ ಒದಗುವವನಲ್ಲ. ಇದನ್ನು ಓದುವಾಗ ಕುದುರೆಲಾಯದ ವ್ಯವಸ್ಥೆ ನೆನಪಿಗೆ ಬಂದರೆ ಓದುಗರ ತಪ್ಪಲ್ಲ. ವಿನೋದಗಳ ಅನುಕ್ರಮವೂ ಅದನ್ನೇ ಸೂಚಿಸುತ್ತದೆ: ಆನೆ ಕುದುರೆಗಳ ವಿನೋದವಾದ ಮೇಲೆ ಅಂಕವಿನೋದ, ಅನಂತರ ಮಲ್ಲವಿನೋದ, ಅದರ ಬೆನ್ನಿಗೇ ಕೋಳಿಯ ಕಾಳಗ, ಲಾವುಗೆಯ ಕಾಳಗ, ಟಗರಿನ ಕಾಳಗ, ಕೋಣನ ಕಾಳಗ. ಸೋಮೇಶ್ವರನು ಮಲ್ಲನನ್ನು ಹೀನಾಯವಾಗಿ ಕಂಡನೆಂದು ನಮ್ಮ ಅಭಿಪ್ರಾಯವಲ್ಲ. ಸಾಕಿ ಸಲಹಿದ ಬಲವನ್ನು ಸಭೆಗೆ ತೋರಿಸುವುದು ಅರಸನ ಸಂತೋಷಗಳಲ್ಲಿ ಒಂದಾಗಿತ್ತೆಂಬುದಷ್ಟೇ ಇಲ್ಲಿಯ ಮಾತು.

ಇದರೊಡನೆ ಹಾಸನ ಜಿಲ್ಲೆಯದೇ ಆದ ಇನ್ನೊಂದು ಸಾಕ್ಷ್ಯವನ್ನು ಹೋಲಿಸಿ ನೋಡಬಹುದು. 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ರಾಷ್ಟ್ರಕೂಟ ನಾಲ್ವಡಿ ಇಂದ್ರನ ಸ್ಮಾರಕ ಶಾಸನವು ಅವನ ಚೆಂಡಾಟದ ಕೌಶಲವನ್ನು ಪದ್ಯಗಳಲ್ಲಿ ಕೊಂಡಾಡುತ್ತದೆ. ಅರಸುಮಗನಿಗೆ ಆಟವು ಗುಣವಾಯಿತು, ಕಲ್ಲಿನಲ್ಲಿ ಬರೆಸತಕ್ಕ ಕೀರ್ತಿಯಾಯಿತು. ಮಲ್ಲನಿಗೆ ಅದೇ ಆಟವು ಕಸುಬು. ಹಣವಿಲ್ಲದೆ ಆಡುವ ಭಾಗ್ಯ ಯಾರಿಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿಜಯನಗರದ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸರ ಬರೆಹಗಳು 1900ರಲ್ಲಿ ರಾಬರ್ಟ್ ಸೀವೆಲನ ಗ್ರಂಥದಿಂದ ಪ್ರಸಿದ್ಧವಾದವು. 1520ರ ಸುಮಾರಿನಲ್ಲಿ ಬಂದ ಡೊಮಿಂಗೊ ಪಾಯೆಸನು ಜಟ್ಟಿಗಳ ಕಾಳಗದಲ್ಲಿ ಹಲ್ಲುಗಳು ಮುರಿಯುವುದನ್ನೂ ಕಣ್ಣುಗಳು ಹೋಗುವುದನ್ನೂ ಮುಖಗಳು ವಿರೂಪವಾಗುವುದನ್ನೂ ಹೇಳಿ, ಮಾತೇ ಹೊರಡದ ಸ್ಥಿತಿಯಲ್ಲಿ ಕೆಲವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರೆಂದು ತಿಳಿಸುತ್ತಾನೆ. ಸಮಾನರನ್ನು ಸಮಾನರೊಡನೆ ನಿಲ್ಲಿಸಲು ನಾಯಕರೂ ತೀರ್ಪುಗಾರರೂ ಇದ್ದರಂತೆ. ಮೈಸೂರು ದಸರೆಯ ಕುಸ್ತಿಗೆ ಮುನ್ನ ನಡೆಯುವ ‘ಜೋಡಿ ಕಟ್ಟುವ’ ಕಾರ್ಯವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಅವನ ಅನಂತರ, 1535ರ ಸುಮಾರಿನಲ್ಲಿ ಬರೆದ ನುನಿಜನು ಇನ್ನೂ ಬೆಲೆಯುಳ್ಳ ವಿವರವನ್ನು ಕೊಡುತ್ತಾನೆ. ಅರಸನಲ್ಲಿ ಇಂಥ ಸಾವಿರ ಜನ ಜಟ್ಟಿಗಳಿದ್ದರು. ಅವರು ರಾಜ್ಯದಲ್ಲಿ ಬೇರಾವ ಊಳಿಗವನ್ನೂ ಮಾಡುತ್ತಿರಲಿಲ್ಲ. ಮೊನೆಗಳುಳ್ಳ ಬಳೆಗಳನ್ನು ಹಿಡಿದು ಹೊಡೆದಾಡುತ್ತಿದ್ದರು. ಹೆಚ್ಚು ಗಾಯಗೊಂಡವನು ಹೋಗಿ ಅರಸನಿಂದ ರೇಷ್ಮೆಯ ವಸ್ತ್ರವನ್ನು ಪಡೆಯುತ್ತಿದ್ದನು. ಗೆದ್ದವನಲ್ಲ, ಗಾಯಗೊಂಡವನು. ಪ್ರವಾಸಿಯ ಕಿವಿಗೆ ಏನಾದರೂ ತಪ್ಪಾಗಿ ಕೇಳಿಸಿರಬಹುದೆಂದು ವಾದಿಸಬಹುದಾದರೂ, ಈ ವಸ್ತ್ರವನ್ನು ಬಹುಮಾನವೆನ್ನುವುದಕ್ಕಿಂತ ಪರಿಹಾರವೆಂದು ತಿಳಿಯುವುದೇ ನಮಗೆ ಯುಕ್ತವಾಗಿ ತೋರುತ್ತದೆ.

ನುನಿಜನು ಹೇಳಿದ ಮೊನೆಯ ಬಳೆಯೇ ಮೈಸೂರು ಅರಮನೆಯ ವಜ್ರಮುಷ್ಟಿಯೆಂದು ತಿಳಿಯಲು ಅಡ್ಡಿಯಿಲ್ಲ. ‘ಜಟ್ಟಿ’ ಎಂಬ ಮಾತು ‘ಜ್ಯೇಷ್ಠಿ’ಯ ತದ್ಭವ; ಗುಜರಾತಿನ ಜ್ಯೇಷ್ಠಿಮಲ್ಲರೂ ಇದೇ ಹೆಸರಿನವರು. 1909ರಲ್ಲಿ ಪ್ರಕಟವಾದ ಥರ್ಸ್ಟನನ ಜಾತಿಕೋಶವು ಜಟ್ಟಿಗಳು ಹಿಂದೆ ಅರಸರ ಬೊಕ್ಕಸಗಳನ್ನು ಕಾಯುತ್ತಿದ್ದರೆಂದೂ ಮರಣದಂಡನೆಯನ್ನು ನೆರವೇರಿಸುವುದರಲ್ಲಿ ನೆರವಾಗುತ್ತಿದ್ದರೆಂದೂ ತಿಳಿಸುತ್ತದೆ. ಟಿಪ್ಪುವಿನ ಸೆರೆಯಲ್ಲಿದ್ದ ಆಂಗ್ಲರ ಕಥನಗಳಲ್ಲಿಯೂ ಜಟ್ಟಿಗಳು ಕೊರಳು ತಿರುಚಿ ಕೊಲ್ಲುತ್ತಿದ್ದ ಮಾತು ಬರುತ್ತದೆ. ಶತ್ರುಗಳ ಬರೆಹವಾದುದರಿಂದ ಅವನ್ನು ಎಚ್ಚರಿಕೆಯಿಂದಲೇ ಓದಬೇಕು. ಅದೇ ಕೈಗಳು ಉಳುಕಿದ ಕೀಲನ್ನು ಕೂಡಿಸಿ, ಎಣ್ಣೆ ನೀವಿ ನೋವನ್ನು ಕಳೆಯುತ್ತಿದ್ದವೆಂಬುದನ್ನೂ ಮರೆಯಲಾಗದು. ಕಾವಲು, ಶಿಕ್ಷೆ, ವೈದ್ಯ, ಕಾಳಗ ಇವೆಲ್ಲ ಒಂದೇ ಸೇವೆಯ ಅಂಗಗಳು. ನಮ್ಮ ಶಾಸನಗಳ ಪರಿಭಾಷೆಯಲ್ಲಿ ಇಂಥ ಸೇವೆಗೆ ಸಲ್ಲುವುದು ‘ಜೀವಿತ’. ನೋಡಲು ಬಂದ ಪ್ರಜೆಯು ಚೀಟಿ ಕೊಳ್ಳಬೇಕಾಗಿರಲಿಲ್ಲವಾದುದರಿಂದ ಆ ಜೀವಿತವು ಅವನ ಕಣ್ಣಿಗೆ ಬೀಳಲಿಲ್ಲ. ಹಳೆಯ ಆಟದ ನಿಷ್ಕಳಂಕತೆಯೆಂದು ನಾವು ಹೇಳುವುದರಲ್ಲಿ ಬಹುಭಾಗ ಈ ಕಾಣದಿರುವಿಕೆಯೇ ಎಂದು ನಮ್ಮ ಅಭಿಪ್ರಾಯ.

ಚೀಟಿಯ ಕಾಲವೂ ಈಚಿನದಲ್ಲ. ಕೊಲ್ಲಾಪುರದ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಅಖಾಡವು 1912ರಲ್ಲಿ ಸಿದ್ಧವಾಯಿತು. ಅದಕ್ಕೆ ಎರಡು ವರ್ಷಗಳ ಹಿಂದೆಯೇ ಗಾಮಾ ಪೈಲ್ವಾನನನ್ನು ವ್ಯವಸ್ಥಾಪಕನೊಬ್ಬನು ಲಂಡನಿಗೆ ಕರೆದೊಯ್ದಿದ್ದನು. 1910ರ ಸೆಪ್ಟೆಂಬರ್ 10ರಂದು 250 ಪೌಂಡುಗಳ ಪಣಕ್ಕೆ ಗಾಮಾನೂ ಪೋಲೆಂಡಿನ ಜಿಬಿಸ್ಕೋವೂ ಎರಡೂವರೆ ಗಂಟೆಗೂ ಮೀರಿ ಸೆಣಸಿದರು. ಅದರ ಬಹುಕಾಲ ಜಿಬಿಸ್ಕೋ ನೆಲಕ್ಕಂಟಿಕೊಂಡೇ ಇದ್ದುದರಿಂದ ಪಂದ್ಯವು ತೀರ್ಮಾನವಾಗಲಿಲ್ಲ. 17ರಂದು ಮರುಪಂದ್ಯಕ್ಕೆ ಅವನು ಬರಲೇ ಇಲ್ಲ. ಸುವರ್ಣಯುಗದ ಈ ಮಹಾಕಾಳಗವನ್ನು ಕಾಸು ಕೊಟ್ಟು ನೋಡಿದವರಿಗೆ ಆಕಳಿಕೆ ಬಂದಿದ್ದರೆ ಆಶ್ಚರ್ಯವಿಲ್ಲ. ದತಿಯಾ, ಪಟಿಯಾಲ ಸಂಸ್ಥಾನಗಳ ಅನ್ನವುಂಡಿದ್ದ ಗಾಮಾ ದೇಶವಿಭಜನೆಯ ಅನಂತರ ಲಾಹೋರಿನಲ್ಲಿ ಕಷ್ಟದ ದಿನಗಳನ್ನು ಕಂಡು 1960ರಲ್ಲಿ ತೀರಿಕೊಂಡನು. ಅವನಿಗೆ ಆಶ್ರಯವಿತ್ತ ಸಂಸ್ಥಾನಗಳು ಆ ವೇಳೆಗೆ ಇರಲಿಲ್ಲ.

ಹಾಗಾದರೆ ಆಟದಲ್ಲಿ ಹಣವು ಮಲಿನವೆಂಬ ಭಾವನೆ ನಮ್ಮಲ್ಲಿಗೆ ಎಲ್ಲಿಂದ ಬಂದಿತು? ಅದರ ಒಂದು ಬೇರು ಇಂಗ್ಲೆಂಡಿನಲ್ಲಿದೆ. 1879ರಲ್ಲಿ ಹೆನ್ಲಿಯ ದೋಣಿಸ್ಪರ್ಧೆಯವರು ಮಾಡಿದ ನಿಯಮದಂತೆ ಕೂಲಿಯವನೂ ಕುಶಲಕರ್ಮಿಯೂ ‘ಹವ್ಯಾಸಿ’ಯೆನಿಸಲು ಅರ್ಹರಾಗಿರಲಿಲ್ಲ. ರಟ್ಟೆಯ ಬಲದಿಂದ ಹೊಟ್ಟೆ ಹೊರೆಯುವವನನ್ನು ದೂರವಿಡುವುದೇ ಅದರ ಫಲ. ಒಲಿಂಪಿಕ್ ಕೂಟಗಳ ಮೂಲಕ, ನಮ್ಮ ಕಾಲೇಜುಗಳ ಮೈದಾನಗಳ ಮೂಲಕ ಈ ಭಾವನೆ ಇಲ್ಲಿಗೂ ಹರಿದುಬಂದಿತು. ಅದರ ಬೆಲೆ ತೆತ್ತವರಲ್ಲಿ ಖಾಶಾಬಾ ಜಾಧವ್ ಒಬ್ಬರು. 1952ರ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದ ಈ ಮಲ್ಲರ ಪ್ರಯಾಣಕ್ಕೆ ಅವರ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದರೆಂಬುದು ಪ್ರಸಿದ್ಧಿ. ಗೆದ್ದು ಬಂದವರಿಗೆ ಪೊಲೀಸ್ ಇಲಾಖೆಯ ಕೆಲಸ ದೊರೆತುದು 1955ರಲ್ಲಿ. 1984ರಲ್ಲಿ ಅವರು ರಸ್ತೆಯ ಅಪಘಾತದಲ್ಲಿ ಮಡಿದರು. ಅರ್ಜುನ ಪ್ರಶಸ್ತಿ ಬಂದುದು ಮರಣಾನಂತರ.

ಕುಂದೂರಿನ ಸುತ್ತಿನ ತೋಟಗಳಲ್ಲಿ ಕಾಫಿ ಹಣ್ಣು ಕುಯ್ಯುವವರಾಗಲಿ ಗದ್ದೆಯಲ್ಲಿ ನಾಟಿ ಹಾಕುವವರಾಗಲಿ ಮೈಯ ದುಡಿಮೆಗೆ ಕೂಲಿ ಕೇಳುವುದನ್ನು ಕಳಂಕವೆಂದು ಎಣಿಸುವುದಿಲ್ಲ. ಅದೇ ಮಾತು ಮಲ್ಲನ ವಿಷಯದಲ್ಲಿ ಬಂದಾಗ ಮಾತ್ರ ನಾವು ಬೇರೆ ತಕ್ಕಡಿಯನ್ನು ಹಿಡಿಯುತ್ತೇವೆ. ಹಿರಿಯರ ಹಂಬಲದಲ್ಲಿ ಸತ್ಯಾಂಶವೇ ಇಲ್ಲವೆಂದು ಇದರ ಅರ್ಥವಲ್ಲ. ಹಿಂದೆ ಇದ್ದು ಈಗ ಕಳೆದುಹೋದದ್ದೊಂದು ಉಂಟು: ಮೂವತ್ತು ದಾಟಿದ ಮಲ್ಲನನ್ನು ಉಸ್ತಾದನೆಂದು, ಕೀಲು ಕೂಡಿಸುವವನೆಂದು, ಅರಮನೆಯ ಕಾವಲಿನವನೆಂದು ಊರೊಳಗೇ ಇರಿಸಿಕೊಳ್ಳುತ್ತಿದ್ದ ಏರ್ಪಾಡು. ಅದು ದಯೆಯಿಂದ ಹುಟ್ಟಿದ್ದಲ್ಲ, ಹುಟ್ಟಿನಿಂದಲೇ ಕಸುಬನ್ನು ಗೊತ್ತುಮಾಡುವ ಕಟ್ಟಿನೊಳಗಿನದು. ಆದರೂ ಅದರಲ್ಲಿ ಅನ್ನವಿತ್ತು.

1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ರಾಜಧನವು ರದ್ದಾಯಿತು. ದಸರೆಯ ನಾಡಕುಸ್ತಿಯನ್ನು ಈಗ ಸರ್ಕಾರದ ಸಮಿತಿಯು ದೊಡ್ಡಕೆರೆ ಮೈದಾನದ ಅಖಾಡದಲ್ಲಿ ನಡೆಸುತ್ತದೆ. ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ ಎಂಬ ಬಿರುದುಗಳೊಡನೆ ನಗದು ಬಹುಮಾನವೂ ಉಂಟು. ವಜ್ರಮುಷ್ಟಿಯ ಕಾಳಗವು ಮಾತ್ರ ವಿಜಯದಶಮಿಯಂದು ಅರಮನೆಯೊಳಗೇ ಉಳಿದಿದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳವರು ತಲೆ ಬೋಳಿಸಿಕೊಂಡು ಮಣ್ಣಿಗಿಳಿಯುತ್ತಾರೆ. ಕೆಲವೊಮ್ಮೆ ನಿಮಿಷವೂ ತುಂಬುವುದಿಲ್ಲ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದ ಕೂಡಲೇ ಕಾಳಗವನ್ನು ನಿಲ್ಲಿಸುತ್ತಾರೆ.