ಸಂವಾದಾತ್ಮಕ ಜಾಲ ಸಾಧನಗಳು: ಶಿಕ್ಷಕರ ಮನೋಧೋರಣೆ

ಕಲಿಯುವವರು ಕೇವಲ ಓದುಗರಾಗಿ ಉಳಿಯದೆ, ಉತ್ತರಿಸಲು, ತಿದ್ದಲು ಮತ್ತು ಹೊಸದನ್ನು ಸೇರಿಸಲು ಅವಕಾಶ ನೀಡುವ ಅಂತರ್ಜಾಲ ಆಧಾರಿತ ಉಪಕರಣಗಳನ್ನು ತರಗತಿಯಲ್ಲಿ ಬಳಸುವ ಬಗ್ಗೆ ಶಿಕ್ಷಕರಲ್ಲಿರುವ ನಂಬಿಕೆ, ಒಲವು ಮತ್ತು ಹಿಂಜರಿಕೆಗಳ ಒಟ್ಟು ರೂಪ. ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ತಂತ್ರಜ್ಞಾನ ಸ್ವೀಕಾರ ಮಾದರಿಯ ಪ್ರಕಾರ, ಸಾಧನವು ಉಪಯುಕ್ತವೆಂಬ ಭಾವನೆ ಹಾಗೂ ಬಳಸಲು ಸುಲಭವೆಂಬ ಭಾವನೆ ಈ ಒಲವನ್ನು ರೂಪಿಸುತ್ತವೆ.

ಕರ್ನಾಟಕದಲ್ಲಿ ಇಂತಹ ಸಾಧನಗಳ ಬಳಕೆಗೆ ಒಂದು ನಿದರ್ಶನ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ 2010ರ ದಶಕದಲ್ಲಿ ನಡೆದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ನಡೆಸಿದ ಈ ಕಾರ್ಯದ ಮುಂದುವರಿಕೆಯಾಗಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ರೂಪುಗೊಂಡಿತು. ವಿಕಿಪೀಡಿಯದಲ್ಲಿ ಬಳಕೆಯಲ್ಲಿರುವ ಮೀಡಿಯಾವಿಕಿ ತಂತ್ರಾಂಶವನ್ನೇ ಆಧರಿಸಿದ ಈ ತಾಣದಲ್ಲಿ ಶಿಕ್ಷಕರು ಪಾಠಸಾಮಗ್ರಿಯ ಬಳಕೆದಾರರಷ್ಟೇ ಅಲ್ಲದೆ ಕರ್ತೃಗಳೂ ಆಗಬಲ್ಲರು. ರೇಖಾಗಣಿತದ ಆಕೃತಿಗಳನ್ನು ಪರದೆಯ ಮೇಲೆ ಎಳೆದು ಬದಲಿಸಬಹುದಾದ ಜಿಯೋಜೀಬ್ರಾ ತಂತ್ರಾಂಶವು ಗಣಿತ ಶಿಕ್ಷಕರ ತರಬೇತಿಯಲ್ಲಿ ಸ್ಥಾನ ಪಡೆಯಿತು. 2017ರ ಸೆಪ್ಟೆಂಬರ್ 5ರಂದು ರಾಷ್ಟ್ರಮಟ್ಟದಲ್ಲಿ ಆರಂಭವಾದ ದೀಕ್ಷಾ ವೇದಿಕೆಯು ಪಠ್ಯಪುಸ್ತಕದ ಕ್ಯೂಆರ್ ಸಂಕೇತಗಳ ಮೂಲಕ ಡಿಜಿಟಲ್ ಪಾಠಗಳನ್ನು ತಲುಪಿಸಿತು.

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ, ನಾಗಮಂಗಲದಂತಹ ತಾಲ್ಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡದಲ್ಲೇ ದೊರೆಯುವ ಇಂತಹ ಸಾಮಗ್ರಿ ವಿಶೇಷ ಮಹತ್ವದ್ದಾಗಿದೆ. ಸಾಮಗ್ರಿ ದೊರೆತರೂ ವಿದ್ಯುತ್ ಮತ್ತು ಸಂಪರ್ಕದ ಅಡಚಣೆ, ಪಠ್ಯ ಮುಗಿಸುವ ಒತ್ತಡ ಹಾಗೂ ಅಭ್ಯಾಸದ ಕೊರತೆಯಿಂದ ಹುಟ್ಟುವ ಹಿಂಜರಿಕೆಯನ್ನು ಶಿಕ್ಷಕರ ನಿರಾಸಕ್ತಿಯೆಂದು ಭಾವಿಸುವುದು ಸರಿಯಲ್ಲ. ನಿರಂತರ ತರಬೇತಿ, ಸಹೋದ್ಯೋಗಿಗಳ ನೆರವು ಮತ್ತು ಶಾಲೆಯಲ್ಲೇ ಲಭ್ಯವಾದ ಸೌಕರ್ಯ ಆತ್ಮವಿಶ್ವಾಸವನ್ನು ಬೆಳೆಸುತ್ತವೆ.